ಆದೇಶಕ್ಕೆ ಸಿಗದ ಒಂದು ಕ್ರಿಯಾಪದ

ನಾಗಪುರ,
9 ಜನವರಿ 2025
ಅಶ್ವಿನ್ ಆಫೀಸಿಗೆ ಹೋಗಿದ್ದಾನೆ. ಮನೆಯಲ್ಲಿ ನಾನೊಬ್ಬಳೇ.

ಪ್ರೀತಿಯ ಅಮೂಲ್ಯಾ,

ನಿನ್ನ ಕೆಮ್ಮು ಹೇಗಿದೆ? ಮೈಸೂರಿನಲ್ಲಿ ನಿಮ್ಮಕ್ಕ ಕಷಾಯ ಮಾಡಿಕೊಟ್ಟರೆ ಮುಖ ಸೊಟ್ಟಗೆ ಮಾಡದೆ ಕುಡಿ. ನನ್ನ ಮಂಡಿ ಹಾಗೇ ಇದೆ. ಈ ವಾರವಂತೂ ಮನಸ್ಸೂ ಒಂದು ಕಡೆ ಕೂರಲು ಬಿಡುತ್ತಿಲ್ಲ. ನೀನು ಅರ್ಧ ಓದಿ ಬಿಟ್ಟುಹೋದ ರಷ್ಯನ್ ಕಾದಂಬರಿಯ ಅನುವಾದ ತೆಗೆದರೆ ಒಂದೇ ಪುಟವನ್ನು ಮತ್ತೆ ಮತ್ತೆ ಓದುತ್ತೇನೆ. ಇದನ್ನು ಬರೆಯುವಾಗಲೂ ಎರಡು ಸಲ ಎದ್ದೆ, ಒಲೆಯ ಮೇಲೆ ಏನೂ ಇಲ್ಲದಿದ್ದರೂ.

ನಿನ್ನನ್ನು ಮನೆಗೆ ಕರೆಸಲು ಅಶ್ವಿನ್ ಕೋರ್ಟಿಗೆ ಹೋಗುತ್ತಿದ್ದಾನೆ. ಮೊದಲು ನಿನಗೊಂದು ನೋಟಿಸು ಬರುತ್ತದೆ, ಮರಾಠಿಯಲ್ಲಿ. ಮೊನ್ನೆ ಅಶ್ವಿನ್ ಜೊತೆ ವಕೀಲರ ಆಫೀಸಿಗೆ ಹೋದಾಗ ಅದರ ಕರಡು ನೋಡಿದೆ, ‘ನಾಂದಾಯಲಾ ಯಾವೆ’ ಎಂದಿತ್ತು. ನನ್ನ ಅರೆಬರೆ ಮರಾಠಿಗೆ ಅದು ನಮ್ಮ ‘ನಂದು’ ಎಂದೇ ಕಂಡಿತು. ದೀಪದ ಹಾಗೆ ಆರಿಹೋಗಲು ಬಾ ಎಂದು ಯಾರಾದರೂ ಬರೆಯುತ್ತಾರೆಯೇ ಎಂದು ವಕೀಲೆ ಚಾರುಲತಾ ಅವರನ್ನೇ ಕೇಳಿಬಿಟ್ಟೆ. ಅವರು ಬಿದ್ದು ಬಿದ್ದು ನಕ್ಕರು. “ಕಾಕೂ, ಪೂರಾ ಉಲ್ಟಾ ಓದಿದಿರಿ. ಗಂಡನ ಮನೆಯಲ್ಲಿ ಸುಖವಾಗಿ ಬಾಳೋದಕ್ಕೆ ನಾಂದಣೆ ಅಂತೀವಿ.”

ಅನುವಾದಕರಾದರೆ ‘ಬಾಳು’ ಎಂದು ಬರೆದು ಮುಂದೆ ಹೋಗಬಹುದು. ನನಗೆ ಹೋಗಲಾಗಲಿಲ್ಲ. ಸುಖವಾಗಿ ಬಾಳು ಎಂದು ಜಡ್ಜರು ಆದೇಶ ಮಾಡಬಹುದೇ ಎಂದೆ. ಆಕೆಯ ನಗು ನಿಂತಿತು. ಡಿಕ್ರಿ ಕೊಡಬಹುದು, ಆದರೆ ಪೊಲೀಸರನ್ನು ಕಳಿಸಿ ಎಳೆದು ತರಿಸುವಂತಿಲ್ಲ, ಹೆಚ್ಚೆಂದರೆ ಆಸ್ತಿ ಜಪ್ತಿ. ಅಂಥ ಡಿಕ್ರಿಗೆ ಸಂವಿಧಾನದಲ್ಲಿ ಜಾಗವಿದೆಯೇ ಎಂಬ ಪ್ರಶ್ನೆಯೇ ದೆಹಲಿಯ ಸುಪ್ರೀಂ ಕೋರ್ಟಿನಲ್ಲಿ ಬಾಕಿ ಇದೆಯಂತೆ. “ಜಪ್ತಿ ಮಾಡೋಕೆ ಅವಳ ಹತ್ತಿರ ಏನಿದೆ, ಮೈಕ್ರೋಸ್ಕೋಪಾ?” ಎಂದ ನಿನ್ನ ಗಂಡ. ಅದೂ ಲ್ಯಾಬಿನದು ಕಣೋ ಎಂದೆ. ಲ್ಯಾಬಿನ ಮಾತು ಬಂದದ್ದೇ, ನಿನ್ನ ಮೇಲ್‌ನಿಂದ ನಿನಗೆ ಗೊತ್ತಿಲ್ಲದೆ ಕೆಲಸಕ್ಕೆ ರಾಜೀನಾಮೆ ಕಳಿಸಿದವನು ತಾನೇ ಎಂದು ವಕೀಲರಿಗೆ ಹೇಳಿದ, ಹಾಲಿನವನಿಗೆ ನಾಳೆ ಬೇಡ ಎನ್ನುವಷ್ಟು ಹಗುರಾಗಿ. ನೀನು ಯಾಕೆ ಹೋದೆ ಎಂದು ನನಗೆ ಗೊತ್ತಾದದ್ದು ಆಗ. ಮಗನ ಮೇಲಿನ ದೂರನ್ನು ತಾಯಿಗೆ ಹೇಳುವವಳಲ್ಲ ನೀನು.

ನಿಮ್ಮಕ್ಕನಿಗೆ ನನ್ನ ನೆನಪು ತಿಳಿಸು. ನಿನಗೆ ಬೇಗ ಮತ್ತೊಂದು ಲ್ಯಾಬು ಸಿಗಲಿ. ಯಾವ ಮನೆಯಲ್ಲಿದ್ದರೂ ಚೆನ್ನಾಗಿರು.

ನಿನ್ನ ಅತ್ತೆ,
ಸೀತಾಲಕ್ಷ್ಮಿ

ಇದನ್ನು ಬರೆಯುವುದೇ ಮರೆತೆ: ನೀನು ಕಾರಣವಿಲ್ಲದೆ ಮನೆ ಬಿಟ್ಟೆ ಎಂಬ ಅಫಿಡವಿಟ್ಟಿಗೆ ಸೋಮವಾರ ನಾನು ಸಹಿ ಹಾಕಬೇಕಂತೆ. ಹಾಕುವುದಿಲ್ಲ. ಜಡ್ಜರು ಕೇಳಿದರೆ ಕಾರಣವನ್ನೂ ಹೇಳುತ್ತೇನೆ. ಅಶ್ವಿನ್‌ಗೆ ಇನ್ನೂ ತಿಳಿಸಿಲ್ಲ. ಸಂಜೆ ಅವನ ಊಟ ಆಗಲಿ.