ಆಪರೇಷನ್ ಥಿಯೇಟರಿನ ಹೊರಗಿನ ನೆಲ

ಶಿರ್ವ
ಜನವರಿ 18, 2025

ಮುದ್ದಿನ ಕ್ಯಾರೆನ್,

ಹೇಗಿದ್ದಿ ಮಗಾ? ಕೋಲ್ಕತ್ತಾದಲ್ಲಿ ಈ ಸಲ ಚಳಿ ಜೋರಂತೆ, ಪೇಪರಿನಲ್ಲಿ ಓದಿದೆ. ಸ್ವೆಟರ್ ಇಲ್ಲದೆ ಲ್ಯಾಬಿಗೆ ಓಡಬೇಡ. ಕೆಮ್ಮು ವಾಸಿಯಾಯಿತೆ? ನಿನಗೆ ಕೆಮ್ಮು ಉಂಟೆಂದು ನನಗೆ ಗೊತ್ತಾದದ್ದೂ ಕದ್ದು ಕೇಳಿಯೇ. ನಿನ್ನ ಫೋನ್ ಬಂದ ಕೂಡಲೇ ಮಮ್ಮಿ ಎದ್ದು ಮಲ್ಲಿಗೆ ಗಿಡಗಳ ಕಡೆ ನಡೆಯುತ್ತಾಳೆ. ಒಳಗೆ ಬಂದವಳನ್ನು 'ಎಂತ ಹೇಳಿದಳು?' ಎಂದು ಕೇಳಿದರೆ 'ಹುಷಾರಿದ್ದಾಳೆ' ಎನ್ನುತ್ತಾಳೆ. ಏಳು ತಿಂಗಳಿಂದ ನಿನ್ನ ಕಡೆಯಿಂದ ನನ್ನ ಪಾಲಿಗೆ ಬರುವುದು ಅದೊಂದೇ ಮಾತು. ದೂರುತ್ತಿಲ್ಲ. ಊಟದ ಮೇಜಿನಲ್ಲಿ ನಾವಿಬ್ಬರೂ ಈಗ ಬೇಗ ಉಂಡು ಏಳುತ್ತೇವೆ, ಅಷ್ಟೆ.

ನಿನ್ನ ಪಪ್ಪ ಸಿಟ್ಟಿನ ಮನುಷ್ಯ, ನಿನಗೆ ಗೊತ್ತು. ಕಾಪು ರಸ್ತೆಯ ಹೊಂಡಗಳಿಂದ ಹಿಡಿದು ಬೀಗ ಬಿದ್ದ ಗ್ರಂಥಾಲಯದವರೆಗೆ ನಲವತ್ತು ವರ್ಷ ಪತ್ರಿಕೆಗಳ ವಾಚಕರ ಪುಟಕ್ಕೆ ಬರೆದವನು. ಈಗಲೂ ಸಿಟ್ಟು ಆರಿಲ್ಲ. ಐದಾರು ವರ್ಷ ಒಬ್ಬಳಿಂದ ಕ್ಯಾನ್ಸರ್ ಗಡ್ಡೆಗಳ ಮೇಲೆ ಹಗಲಿರುಳು ಕೆಲಸ ಮಾಡಿಸಿ, ಡಾಕ್ಟರೇಟ್ ಕೈಗಿಟ್ಟ ದಿನ 'ಇನ್ನು ನಿನ್ನ ದಾರಿ ನೋಡಿಕೋ' ಎನ್ನುವುದು ಯಾವ ನ್ಯಾಯ? ಔಷಧ ಕಂಪನಿಗಳಲ್ಲಿ ಎಂಥ ಕೆಲಸ ಉಂಟು, ಸ್ವಂತ ಸಂಶೋಧನೆಗೆ ಅನುದಾನ ಕೇಳಿ ಅರ್ಜಿ ಬರೆಯುವುದು ಹೇಗೆ, ಇದನ್ನೆಲ್ಲ ಹೇಳಿಕೊಡುವವರು ಬೇಡವೆ? ಕಳೆದ ವರ್ಷ ಪತ್ರಿಕೆಗೆ ಹೀಗೆ ಬರೆದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಆ ಪತ್ರದಲ್ಲಿ ಇನ್ನೊಂದು ಅರ್ಧವೂ ಇತ್ತಲ್ಲ.

ಕಳೆದ ಫೆಬ್ರವರಿಯಲ್ಲಿ ಒಂದು ದಿನ ನೀನು ಮನೆಯಲ್ಲಿ ಬಿಟ್ಟುಹೋದ ಬುತ್ತಿಯನ್ನು ನಾನು ಆಸ್ಪತ್ರೆಗೆ ತಂದಿದ್ದೆ. ಆಪರೇಷನ್ ಥಿಯೇಟರಿನ ಹೊರಗೆ, ನೆಲದ ಮೇಲೆ, ಐಸ್ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆ ನೀನು. ಬೆಳಗ್ಗೆ ಏಳರಿಂದ ಹೀಗೆಯೇ ಇದ್ದೇನೆ ಎಂದು ನೀನೇ ಹೇಳಿದೆ. ಸ್ಟ್ರೆಚರ್ ತಳ್ಳುವವನು 'ಸ್ವಲ್ಪ ಆಚೆ ಸರಿ ಮಾರಾಯ್ತಿ' ಎಂದ. ನೀನು ನಗುತ್ತಾ ಕಾಲು ಮಡಚಿದೆ. ನನಗೆ ಮೈಯೆಲ್ಲ ಉರಿಯಿತು. ಮುಂದಿನ ವಾರವೇ ಅಚ್ಚಾಯಿತು: 'ಇವರು ಸಂಶೋಧನಾ ವಿದ್ಯಾರ್ಥಿಗಳೋ, ಪೆಟ್ಟಿಗೆ ಹೊರುವ ಜವಾನರೋ?' ನಿನ್ನ ಹೆಸರು ಹಾಕಿರಲಿಲ್ಲ. ಆದರೆ ಕೆಳಗೆ 'ಬೆಂಜಮಿನ್, ಶಿರ್ವ' ಎಂದಿದ್ದರೆ ಯಾರ ಮಗಳೆಂದು ಯಾರಿಗೆ ತಿಳಿಯುವುದಿಲ್ಲ? ಆ ದಿನ ನೀನು ಹೇಳಿದ್ದು ಒಂದೇ ಮಾತು: 'ಗೊತ್ತಿಲ್ಲದ್ದನ್ನು ಮೊದಲು ಕೇಳಬೇಕಿತ್ತು ಪಪ್ಪಾ.'

ಕಳೆದ ಭಾನುವಾರ ಗೊತ್ತಾಯಿತು. ನಿನ್ನ ಜೂನಿಯರ್ ಶೈಲಶ್ರೀ ನಿನ್ನ ಹಳೆಯ ನೋಟ್ಸ್ ತೆಗೆದುಕೊಂಡು ಹೋಗಲು ಬಂದಿದ್ದಳು. ಮಣಿಪಾಲದಲ್ಲಿ ಕಟ್ಟಡ ಕೆಲಸಕ್ಕೆಂದು ಬಂದು ನೆಲೆಸಿದ ಯಂಕಪ್ಪನ ಮಗಳು; ಗೋಡೆ ಕಟ್ಟಿದವರ ಮನೆಯಿಂದ ಲ್ಯಾಬಿಗೆ ಬಂದ ಹುಡುಗಿ. ನಾನು ಅದೇ ಹಳೆಯ ಭಾಷಣ ಶುರು ಮಾಡಿದೆ. ಅವಳು ಚಹಾದ ಲೋಟ ಕೆಳಗಿಟ್ಟು, 'ಅದು ಜವಾನರ ಕೆಲಸ ಅಲ್ಲ ಸರ್. ಅಲ್ಲಿ ಕೂರಲಿಕ್ಕೆ ಕ್ಯಾರೆನಕ್ಕ ಎರಡು ತಿಂಗಳು ಸರ್ಜನರ ಹಿಂದೆ ಬಿದ್ದು ಪರ್ಮಿಷನ್ ತೆಗೊಂಡದ್ದು' ಎಂದಳು. ಗಡ್ಡೆಯೊಳಗೆ ಹೊಕ್ಕ, ರೋಗದೊಡನೆ ಹೋರಾಡುವ ದೇಹದ ಕಾವಲು ಕೋಶಗಳು ಅಲ್ಲಿ ಯಾಕೆ ಸೋತು ಸುಮ್ಮನಾಗುತ್ತವೆ ಎಂದು ನೋಡಬೇಕಾದರೆ ಅವು ಜೀವಂತ ಇರಬೇಕಂತೆ. ಕತ್ತರಿಸಿದ ಕೂಡಲೇ ತುಣುಕು ಐಸಿಗೆ ಬೀಳಬೇಕಂತೆ. ಹೊರಗೆ ಕುಳಿತವಳಿಗೆ ರೋಗಿಯ ಕಡೆಯವರ ಮುಖವೂ ಪರಿಚಯವಾಗುತ್ತಿತ್ತು, ಸರ್ಜನ್ ಹೊರಬಂದು ಎರಡು ಮಾತು ಹೇಳಿಕೊಡುತ್ತಿದ್ದರು. ನಿಮ್ಮ ನಿಜವಾದ ತರಗತಿ ಆ ನೆಲವೇ ಆಗಿತ್ತು.

ನನ್ನ ಪತ್ರ ಬಂದದ್ದೇ, ವಿದ್ಯಾರ್ಥಿಗಳು ಅಲ್ಲಿ ಕೂರಬಾರದೆಂದು ಆದೇಶವಾಯಿತಂತೆ. ವಾರ್ಡಿನವನು ಉಳಿದ ಕೆಲಸ ಮುಗಿಸಿ ಪೆಟ್ಟಿಗೆ ತಲುಪಿಸುವಷ್ಟರಲ್ಲಿ ಕೋಶಗಳು ಸತ್ತಿರುತ್ತಿದ್ದವು. ನಿನ್ನ ಒಂಬತ್ತು ಪ್ರಯೋಗಗಳು ಹಾಗೆ ಹೋದವು. ಉಳಿದದ್ದನ್ನು ಮುಗಿಸಲು ನೀನು ಕೋಲ್ಕತ್ತಾದಷ್ಟು ದೂರ ಹೋಗಬೇಕಾಯಿತು. 'ನನ್ನದು ಇನ್ನೂ ಶುರುವೇ ಆಗಲಿಲ್ಲ ಸರ್' ಎಂದು ಶೈಲಶ್ರೀ ನಕ್ಕಳು. ನಾನು ಎದ್ದು ನಿನ್ನ ನೋಟ್ಸಿನ ಕಟ್ಟನ್ನು ತಂದು ಅವಳ ಕೈಗಿಟ್ಟೆ.

ನಿನಗೆ ಎಂದೂ ಹೇಳದ ಒಂದು ವಿಷಯ ಉಂಟು. 1979ರಲ್ಲಿ ಕಾರ್ಕಳದ ಕಾಲೇಜಿನಲ್ಲಿ ನಾನು ಪ್ರಯೋಗ ಮಾಡಿ ತೋರಿಸುವ ಡೆಮಾನ್‌ಸ್ಟ್ರೇಟರ್ ಆಗಿದ್ದಾಗ ವಿಭಾಗದ ಮುಖ್ಯಸ್ಥರು ತಮ್ಮ ಮನೆಯ ಮೀನಿನ ಚೀಲವನ್ನು ನನ್ನ ಕೈಗೆ ಕೊಟ್ಟು, ನನ್ನ ವಿದ್ಯಾರ್ಥಿಗಳೇ ನಿಂತು ನೋಡುತ್ತಿದ್ದ ಪೇಟೆಯಲ್ಲಿ ನಡೆಸಿದರು. ನಾನು ಬಾಯಿ ಬಿಡಲಿಲ್ಲ. ಆ ಆಸ್ಪತ್ರೆಯ ನೆಲದಲ್ಲಿ ನನಗೆ ಕಂಡದ್ದು ಆ ಚೀಲ ಹಿಡಿದ ನಾನು. ನಲವತ್ತೈದು ವರ್ಷದ ಸಿಟ್ಟನ್ನು ನಿನ್ನ ಹೆಸರಿನಲ್ಲಿ ತೀರಿಸಿಕೊಂಡೆ. ನೀನು ನಗುತ್ತಿದ್ದುದನ್ನು ಕಣ್ಣಾರೆ ಕಂಡೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನ ಕೈಯ ಕೆಲಸವನ್ನು ಕಾಯಲಿ. ನಿನ್ನ ಹೊಸ ಗೈಡಿಗೆ ನನ್ನ ನಮಸ್ಕಾರ. ನಾನು ಯಾರೆಂದು ಹೇಳದಿದ್ದರೂ ಸರಿ.

ನಿನ್ನ
ಪಪ್ಪ

ಮರೆತಿದ್ದೆ: ಇದರ ಜೊತೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ನಾನು ಬರೆದದ್ದು ತಪ್ಪು, ವಿದ್ಯಾರ್ಥಿಗಳನ್ನು ಮತ್ತೆ ಅಲ್ಲಿ ಕೂರಲು ಬಿಡಿ ಎಂದು ಆಸ್ಪತ್ರೆಗೂ ಪತ್ರಿಕೆಗೂ ಬರೆದದ್ದು. ನಿನ್ನ ಕೆಲಸದ ಬಗ್ಗೆ ಹೇಳದೆ ಅದನ್ನು ಬರೆಯಲಾಗಲಿಲ್ಲ. ಓದು, ಬೇಡವಾದ ಸಾಲು ಹೊಡೆದು ಹಾಕು. ಪೂರ್ತಿ ಬೇಡವೆಂದರೆ ಹರಿದುಬಿಡು. ಶೈಲಶ್ರೀ ಕಾಯುತ್ತಿದ್ದಾಳೆ, ನಿಜ. ಆದರೂ ನೀನು ಹೇಳದೆ ಪೋಸ್ಟ್ ಮಾಡುವುದಿಲ್ಲ.