ಕುರಿ ಮಲಗದ ನೆಲ

ಇಳಕಲ್ಲ,
ಶನಿವಾರ, ೧೩ ಜೂನ್ ೧೯೮೧

ಅವ್ವಾ,

ನಿನ್ನ ಪಾದಕ್ಕೆ ಸತ್ಯವ್ವನ ಶರಣು. ನಾನು ಆರಾಮ ಇದ್ದೇನೆ ಎಂದು ಬರೆಯುವುದು ರೂಢಿ, ಅದಕ್ಕೆ ಬರೆದಿದ್ದೇನೆ. ನಿನ್ನ ಮೊಣಕಾಲು ನೋವು ಇಳಿಯಿತೋ ಇಲ್ಲವೋ ತಿಳಿಸು.

ಈ ವಾರ ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ತಿರುಗಿದ್ದೇನೆ. ಹೊಳೆ ಏರಿದಾಗ ಮುಳುಗುವ ಊರುಗಳನ್ನು ಎತ್ತರಕ್ಕೆ ಸಾಗಿಸುವ ಕೆಲಸಕ್ಕೆ ನಾನು ಸಂಘಟಕಿ. ಸಂಘಟಕಿ ಎಂದರೆ ನಕ್ಷೆಯ ಸುರುಳಿ ಹೊತ್ತು ಸಭೆಯಿಂದ ಸಭೆಗೆ ಓಡುವವಳು. ನೀನು ಮಾತ್ರ ಊರ ತುಂಬ ನನ್ನ ಮಗಳು ಊರು ಕಟ್ಟುತ್ತಾಳೆ ಎಂದು ಹೇಳಿಕೊಂಡು ಬಂದಿದ್ದೀ. ಸೋಮವಾರ ಬಾದಾಮಿಯ ಕಚೇರಿಯಲ್ಲಿ ಸಭೆ. ಮಂಗಳವಾರ ಚೊಳಚಗುಡ್ಡದಲ್ಲಿ ಬಾಗಿಲಿನ ದಿಕ್ಕಿಗಾಗಿ ಮೂರು ತಾಸು ಜಗಳ. ಎಲ್ಲರೂ ಮೂಡಣಕ್ಕೇ ಮುಖ ಮಾಡಿ ಕುಳಿತರೆ ಹಿಂದಿನವರು ಯಾರ ಬೆನ್ನು ನೋಡಬೇಕು ಎಂದು ಕೇಳಿದೆ. ನಕ್ಕು ಒಪ್ಪಿದರು. ಭಾರಿ ಬುದ್ಧಿವಂತೆ ನಾನು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಬುಧವಾರ ನಮ್ಮ ಕಟ್ಟಿಹಾಳದ ಸಭೆ. ನೀನೂ ಅಲ್ಲಿದ್ದೆ, ಆದರೂ ಬರೆಯುತ್ತೇನೆ. ಅಂದಿನಿಂದ ತಲೆಯಲ್ಲಿ ಅದೇ ತಿರುಗುತ್ತಿದೆ. ಬೀರಪ್ಪನ ಗುಡಿಕಟ್ಟೆಯ ಮೇಲೆ ನಕ್ಷೆ ಹಾಸಿ ಇಪ್ಪತ್ಮೂರು ಮನೆಗಳ ಜಾಗ ತೋರಿಸಿದೆ. ನಮ್ಮ ಕಚೇರಿಯ ಇಂಜಿನಿಯರ್ ಸಾಹೇಬರು ಕುರ್ಚಿಯಲ್ಲಿದ್ದರು. ಆಗ ಅಪ್ಪನ ಜೊತೆ ಕುರಿ ಕಾಯ್ದ ಬೀರಲಿಂಗಪ್ಪ ಕಾಕಾ ಕಂಬಳಿ ಸರಿಪಡಿಸಿಕೊಂಡು ಎದ್ದ.

"ಯವ್ವಾ ಸತ್ಯವ್ವ, ಆ ನೆಲದಾಗ ಕುರಿ ಮಲಗಂಗಿಲ್ಲ. ಕುರಿ ಮಲಗದ ಜಾಗಾದಾಗ ಮನಿ ಹೆಂಗ ಕಟ್ಟೂದು?" ಎಂದ.

ಇನ್ನು ಮೇಲೆ ಇಂಜಿನಿಯರರ ಪಗಾರವನ್ನು ಕುರಿಗಳಿಗೇ ಕೊಡೋಣ ಎಂದು ಸಾಹೇಬರು ನಕ್ಕರು. ನಾನೂ ನಕ್ಕೆ, ಅವ್ವಾ. ಹೊಸ ಜಾಗದಲ್ಲಿ ಹಟ್ಟಿ ಹಾಕುವ ಮುನ್ನ ಅಪ್ಪ ಹಿಂಡು ಬಿಟ್ಟು, ಮಲಗುತ್ತವೋ ಇಲ್ಲವೋ ಎಂದು ಕಾಯುತ್ತಿದ್ದುದನ್ನು ಕಣ್ಣಾರೆ ಕಂಡು ಬೆಳೆದವಳು ನಾನು. ಸಾಹೇಬರ ಎದುರು ಕುರಿ ಕಾಯುವವನ ಮಗಳು ಅನ್ನಿಸಿಕೊಳ್ಳುವ ನಾಚಿಕೆಗೆ ನಕ್ಕೆ. ಕಾಕಾ ನನ್ನನ್ನು ಒಮ್ಮೆ ನೋಡಿ ಕುಳಿತುಬಿಟ್ಟ.

ಆಮೇಲೆ ಎದ್ದವಳು ನೀನು. "ನನ್ನ ಮಗಳು ಹಾಕಿದ ನಕ್ಷಾ ಐತಿ. ನಾ ಮೊದಲ ಹೋಗಿ ಹಾಲು ಉಕ್ಕಸ್ತೇನಿ" ಎಂದು ಹೆಬ್ಬೆಟ್ಟು ಒತ್ತಿದೆ. ನಿನ್ನ ಹಿಂದೆ ಒಬ್ಬೊಬ್ಬರೇ ಬಂದು ಒತ್ತಿದರು. ಸದ್ಯಕ್ಕೆ ಕಂಬ ನೆಟ್ಟು ತಗಡು ಹೊದಿಸಿಕೊಂಡು ಬರುವ ಬುಧವಾರವೇ ಸಾಗುವುದು ಎಂದು ನಿಶ್ಚಯವಾಯಿತು. ನನಗೆ ಹೆಮ್ಮೆಯಾಯಿತು.

ಮರುದಿನ ಮನೆಜಾಗಗಳಿಗೆ ಗಡಿಕಲ್ಲು ನೆಡುವವರ ಸಭೆ ಆ ನೆಲದ ಮೇಲೆಯೇ ಇತ್ತು. ಹಿಂಡು ತರಲು ಕಾಕಾನಿಗೆ ಗುಟ್ಟಾಗಿ ಹೇಳಿ ಕಳಿಸಿದ್ದೆ. ಅವನು ಸಿಟ್ಟು ಇಟ್ಟುಕೊಳ್ಳದೆ ಬಂದ. ನಡುಮಧ್ಯಾಹ್ನ, ಸುಡುವ ಬಿಸಿಲು, ಹೊಟ್ಟೆ ತುಂಬ ಮೇದ ಕುರಿಗಳು. ಪಕ್ಕದ ಒಣ ಮಡ್ಡಿ ನೆಲದಲ್ಲಾಗಿದ್ದರೆ ಬಿಟ್ಟ ಕೂಡಲೇ ಮಲಗಿ ಮೆಲುಕು ಹಾಕುತ್ತಿದ್ದವು. ಇಲ್ಲಿ ಒಂದೂ ಮಲಗಲಿಲ್ಲ. ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿ ತಾಸುಗಟ್ಟಲೆ ನಿಂತೇ ಇದ್ದವು. ಕುಕ್ಕರುಗಾಲಲ್ಲಿ ಕುಳಿತು ಮಣ್ಣು ಕೆದರಿ ಮುಟ್ಟಿದೆ. ಆ ಬಿಸಿಲಿನಲ್ಲೂ ಒಳಗೆ ತಣ್ಣಗಿತ್ತು. ನೋಡಿದಿಯಾ ಎಂದು ಕೂಡ ಕಾಕಾ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಶುಕ್ರವಾರ ಬಾಗಲಕೋಟೆಯ ದೊಡ್ಡ ಸಭೆಯಲ್ಲಿ, ಕಟ್ಟಿಹಾಳದ ಜಾಗವನ್ನು ಇನ್ನೊಮ್ಮೆ ನೋಡಬೇಕು ಎಂದೆ. ಕಾರಣ ಕೇಳಿದರು. ಅಷ್ಟು ಮಂದಿಯ ಮುಂದೆ ಕುರಿಯ ಮಾತು ಹೇಳಲು ನಾಲಿಗೆ ಏಳಲಿಲ್ಲ. ಸಂಜೆಗೇ ಹುಕುಂ ಬಂತು. ಹತ್ತು ದಿನ ಇಳಕಲ್ಲಿನ ನೇಕಾರರ ಕಾಲೊನಿಯ ಸಭೆ ನಡೆಸಬೇಕಂತೆ, ಕಟ್ಟಿಹಾಳದ ಸಾಗಾಟ ಸಾಹೇಬರೇ ನೋಡಿಕೊಳ್ಳುತ್ತಾರಂತೆ. ಇಂದು ಮುಂಜಾನೆಯ ಬಸ್ಸಿಗೆ ಹೊರಟೆ. ಹುನಗುಂದ ದಾಟುವಾಗ ಮಳೆ ಹಿಡಿದದ್ದು ಇನ್ನೂ ಬಿಟ್ಟಿಲ್ಲ.

ಇಲ್ಲಿ ರಂಜಾನಬಿ ಎಂಬ ನೇಕಾರ ಮುದುಕಿಯ ಮನೆಯಲ್ಲಿ ಇಳಿದುಕೊಂಡಿದ್ದೇನೆ. ಹೊಟ್ಟೆಯ ಮಗಳ ಹಾಗೆ ನೋಡಿಕೊಳ್ಳುತ್ತಾಳೆ. ಅವ್ವಾ, ನೀನು ಬುಧವಾರ ಹೊಸ ಜಾಗಕ್ಕೆ ಹೋಗಬೇಡ. ಇಲ್ಲಿಗೆ ಬಾ. ನನಗೆ ಜ್ವರ ಬಂದಿದೆ, ಮಾಡಿ ಹಾಕುವವರಿಲ್ಲ. ರಂಜಾನಬಿಯ ಮಗ್ಗದ ಮೇಲೆ ದಾಳಿಂಬೆ ಬಣ್ಣದ ಸೀರೆಯೂ ಇದೆ, ನೀನೇ ಬಂದು ನೋಡಬೇಕು. ಹಾಲು ಇನ್ನೊಂದು ದಿನ ಉಕ್ಕಿಸಿದರಾಯಿತು. ಹಟ ಮಾಡಬೇಡ. ನಾನು ನಿನ್ನಲ್ಲಿ ಏನನ್ನೂ ಬೇಡಿದವಳಲ್ಲ, ಇದೊಂದನ್ನು ಬೇಡುತ್ತೇನೆ.

ನಿನ್ನ ಮಗಳು,
ಸತ್ಯವ್ವ

ತಾ.ಕ.: ಚಂದವ್ವ, ಅವ್ವನಿಗೆ ಓದು ಬಾರದು. ಪಕ್ಕದ ಮನೆಯಿಂದ ಬಂದು ನನ್ನ ಪತ್ರಗಳನ್ನೆಲ್ಲ ಓದಿ ಹೇಳುವವಳು ನೀನೇ. ಅದು ಗೊತ್ತಿದ್ದೇ, ನಿನಗೂ ನಿಜ ತಿಳಿಯದಿರಲಿ ಎಂದು ಮೇಲೆ ಸುಳ್ಳು ಬರೆದೆ. ನನಗೆ ಜ್ವರವಿಲ್ಲ. ಶುಕ್ರವಾರದ ಸಭೆ ಮುಗಿದ ಮೇಲೆ ಬಾಗಲಕೋಟೆಯಲ್ಲಿ ಹಳೆಯ ಸರ್ವೇ ನಕ್ಷೆ ತೆಗೆಸಿ ನೋಡಿದೆ. ಹೊಸ ಊರು ಕೂರುವ ಜಾಗದ ನಡುವೆ ಒಂದು ಹಳ್ಳ ಹರಿಯುತ್ತಿತ್ತು. ಯಾವ ಕಾಲದಲ್ಲೋ ಮುಚ್ಚಿ ಹೊಲ ಮಾಡಿದ್ದಾರೆ. ಗುರುವಾರ ಅವ್ವನ ಮನೆಯ ಕಂಬಕ್ಕೆ ಕುಣಿ ತೋಡುವಾಗ ಮೊಣಕಾಲುದ್ದಕ್ಕೇ ಉಸುಕು ಬಂದು ನೀರು ಒಸರಿತು. ನಾನೇ ಮಣ್ಣು ಎಳೆಸಿ ಮುಚ್ಚಿಸಿದೆ. ಕಾಕಾನ ಮಾತು ಸಭೆಯ ನಡಾವಳಿಯಲ್ಲಿ ಇಲ್ಲ. ಯಾರ ತಕರಾರೂ ಇಲ್ಲ ಎಂದು ಬರೆದ ಕೈ ನನ್ನದು.

ಅವ್ವನೊಬ್ಬಳನ್ನು ಕರೆಸಿಕೊಂಡು ಬಾಯಿ ಮುಚ್ಚಿಕೊಂಡಿರಬೇಕು ಎಂದಿದ್ದೆ. ಆದರೆ ಎರಡನೆಯ ನಂಬರಿನ ಜಾಗ ನಿನ್ನ ಗಂಡ ಹುಲ್ಲಪ್ಪನದು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡೇ ನೀನು ಇದನ್ನು ಓದುತ್ತಿರುತ್ತೀ. ಅದು ನೆನಪಾಗಿ ಲಕೋಟೆ ಅಂಟಿಸಲು ಕೈ ಬರಲಿಲ್ಲ. ನಾನೇ ಬಂದು ಹೇಳಬೇಕಿತ್ತು. ನನ್ನನ್ನು ನಂಬಿ ಹೆಬ್ಬೆಟ್ಟು ಒತ್ತಿದವರ ಮುಖ ನೋಡುವ ಧೈರ್ಯವಿಲ್ಲ. ಮಳೆಗೆ ಬಸ್ಸು ನಿಲ್ಲದಿದ್ದರೆ ಈ ಪತ್ರ ಮಂಗಳವಾರ ನಿನ್ನ ಕೈ ಸೇರುತ್ತದೆ. ಸೇರಿದ ಗಳಿಗೆಯೇ ಊರವರನ್ನೆಲ್ಲ ಕೂಡಿಸಿ ಗಟ್ಟಿಯಾಗಿ ಓದು. ನನ್ನ ಹೆಸರು ಬಿಡಬೇಡ. ಓದುವ ಮುಂಚೆ ಅವ್ವನನ್ನು ಎಲ್ಲಾದರೂ ಕೂಡ್ರಿಸು, ನಿಂತು ಕೇಳುವ ಶಕ್ತಿ ಅವಳಿಗಿಲ್ಲ.