ಖಂಡೇಪೂಜೆಯಲ್ಲಿ ಕೂತ ದೋಣಿ

ಸೆಪ್ಟೆಂಬರ್ 27, ಶನಿವಾರ

ಬಿಸಿನೀರು, ಪಾತ್ರೆ ತೊಳೆಯುವ ಸೋಪು — ಮತ್ತೊಮ್ಮೆ. ಅಚ್ಚಿಗೆ ಅಂಟದಿರಲೆಂದು ಸವರಿದ ಮೇಣ ದೋಣಿಯ ಮೈಮೇಲೆ ಉಳಿದರೆ ಬಣ್ಣ ಹಿಡಿಯುವುದಿಲ್ಲ. ಆಮೇಲೆ ಉಪ್ಪುಕಾಗದ ನೀರಿನಲ್ಲಿ ಅದ್ದಿ ಉಜ್ಜಿದ್ದು, ಫೈಬರಿನ ಹೊಳಪು ಪೂರ್ತಿ ಹೋಗುವ ತನಕ. ಬೆರಳಿನ ಚರ್ಮ ಎದ್ದಿದೆ. ಇರಲಿ. ಎರಡು ಮೊಳದ ಆಟದ ದೋಣಿ, ಆದರೆ ಮೊದಲಿನಿಂದ ನನ್ನದೇ ಕೈ.

ಸಂಜೆ ಇವರ ಗೆಳೆಯ ತಮ್ಮಣ್ಣ ಬಂದಿದ್ದರು. ಮುಂದಿನ ತಿಂಗಳು ಹನ್ನೆರಡಕ್ಕೆ ಖಾನಾಪುರದ ಕೆರೆಯಲ್ಲಿ ರಿಮೋಟ್ ದೋಣಿ ಬಿಡುವ ಮೇಳ ಅವರದೇ ಏರ್ಪಾಟು; ಇದೂ ಅಲ್ಲಿಗೇ. ದೋಣಿ ನೋಡಿ ಬಹಳ ಹೊಗಳಿದರು. ನನ್ನ ಯಜಮಾನರು, ಗುರುಪುತ್ರಪ್ಪನವರು, ಕೂತಲ್ಲಿಂದಲೇ, "ನಾವ ಮಾಡೀವ್ರಿ, ಮನ್ಯಾಗ" ಅಂದರು.

ನಾವಂತೆ! ಇವರ ಪಾಲು ಯಾವುದು? ವಾಸನೆ ಎಂದು ಕಿಟಕಿ ತೆರೆದದ್ದು.

ಸೆಪ್ಟೆಂಬರ್ 30

ಥಿನ್ನರಿನಲ್ಲಿ ಒರೆಸಿ ಮುಗಿಯಿತು. ಇನ್ನು ಬರಿಗೈ ತಾಗುವಂತಿಲ್ಲ, ಬೆರಳಿನ ಜಿಡ್ಡೂ ಬಣ್ಣ ಕೆಡಿಸುತ್ತದೆ. ಮೇಲೆ ಹಳೇ ಪಂಚೆ ಹೊದಿಸಿದ್ದೇನೆ.

ಖಾನಾಪುರದಲ್ಲಿ ತಂಗಿ ಮನಿಷಾಗೆ ಜ್ವರ. ನಾಳೆ ಖಂಡೇನವಮಿ, ಆಯುಧಪೂಜೆಯ ದಿನವಾದರೂ ಹೋಗಲೇಬೇಕು. ದೋಣಿ ಮುಟ್ಟಬೇಡಿ ಎಂದು ಇವರಿಗೆ ಹೇಳಿದೆ. ಹೂಂ ಅಂದರು, ಪೇಪರಿನಿಂದ ಮುಖ ಎತ್ತದೆ.

ಅಕ್ಟೋಬರ್ 5, ಮಧ್ಯಾಹ್ನ

ನಿನ್ನೆ ಖಾನಾಪುರದಿಂದ ಬಂದೆ, ಇವತ್ತು ಬಣ್ಣದಡಿಯ ಪ್ರೈಮರ್ ಹೊಡೆದೆ. ನೋಡನೋಡುತ್ತಲೇ ಅಲ್ಲಲ್ಲಿ ಸರಿದು ಗುಳಿ ಬಿತ್ತು… ಸಿಡುಬು ಬಂದ ಮುಖದ ಹಾಗೆ. ಎಲ್ಲಿ ತಪ್ಪಿದೆ? ಮೇಣ ಉಳಿಯಿತೇ? ಅಳು ತಡೆಯಲಾಗಲಿಲ್ಲ.

ಅಕ್ಟೋಬರ್ 6

ಗೊತ್ತಾಯಿತು. ನಾಷ್ಟಾ ಮಾಡುತ್ತ ಇವರೇ ಹೇಳಿದರು. ಖಂಡೇಪೂಜೆಗೆ ಸ್ಕೂಟರ್, ಮಿಕ್ಸರ್, ಪಕ್ಕದಲ್ಲಿ ನನ್ನ ದೋಣಿ! ವಿಭೂತಿ, ಕುಂಕುಮ, ಹೂವು. ಮರುದಿನ ಕುಂಕುಮದ ಕಲೆ ಹೋಗಲಿಲ್ಲ, ನಾನು ಬೈಯುತ್ತೇನೆಂದು ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದರಂತೆ.

"ನೀನೂ ಹಣಿ ಮ್ಯಾಲಿನ ಕುಂಕುಮ ಹಂಗ ತಗೀತಿಯಲ್ಲ," ಎಂದು ನನಗೇ ಪಾಠ.

ಪೂಜೆಗೆ ನನ್ನ ತಕರಾರಿಲ್ಲ. ಎಣ್ಣೆ ಬಳಿದು ಬಾಯಿ ಮುಚ್ಚಿಕೊಂಡು ಕೂತರಲ್ಲ! ನಿನ್ನೆ ನಾನು ಅಳುವಾಗಲೂ ತುಟಿ ಬಿಚ್ಚಲಿಲ್ಲ. ಈಗ ಕಾರ್ ಪೇಂಟರಿಗೆ ಕೊಡೋಣವಂತೆ. ಸಾಯಲಿ, ನಾನೇ ಮಾಡುತ್ತೇನೆ.

ಅಕ್ಟೋಬರ್ 11

ಪ್ರೈಮರ್ ಕೆರೆದು, ಮತ್ತೆ ಸೋಪು, ಥಿನ್ನರ್, ಉಪ್ಪುಕಾಗದ. ಬಲಬದಿ ಬಣ್ಣ ಚೆನ್ನಾಗಿ ಕೂತಿತು. ಎಡಬದಿಯ ಫೈಬರಿನ ಸೂಜಿಮೊನೆಯಂಥ ತೂತುಗಳಿಗೆ ಎಣ್ಣೆ ಇಳಿದಿರಬೇಕು, ಅಲ್ಲಿ ಇನ್ನೂ ಗುಳಿ. ಬೇರೆ ದಾರಿಯಿಲ್ಲ, ನಾಳೆ ಹೀಗೇ ಒಯ್ಯುವುದು.

ಅಕ್ಟೋಬರ್ 12, ಸಂಜೆ

ಈಗಷ್ಟೇ ಖಾನಾಪುರದಿಂದ ಬಂದೆವು. ಸೀರೆಯೂ ಬದಲಿಸದೆ ಬರೆಯಲು ಕೂತಿದ್ದೇನೆ, ಸಿಟ್ಟಿಗೆ.

ಕೆರೆ ದಂಡೆಗೆ ದೋಣಿ ಹಿಡಿದು ಮುಂದೆ ನಡೆದವರು ಇವರು. ಬ್ಯಾಟರಿ ಚೀಲ ಹೊತ್ತು ಹಿಂದೆ ನಾನು. ತಮ್ಮಣ್ಣ ದೋಣಿಯ ಎಡಬದಿ ತಿರುಗಿಸಿ, ಬಣ್ಣ ಯಾಕೆ ಹೀಗಾಗಿದೆ ಎಂದು ಕೇಳಿದರು. ನಾಲ್ಕು ಜನ ಬಗ್ಗಿ ನೋಡಿದರು.

ಇವರು ಒಂದು ಕ್ಷಣವೂ ತಡೆಯಲಿಲ್ಲ. "ನನಗೇನ್ ಗೊತ್ರಿ, ಎಲ್ಲಾ ಆಕೀನ ಮಾಡ್ಯಾಳ."

ಕೆಟ್ಟ ಮೇಲೆ ದೋಣಿ ನನ್ನದಾಯಿತು. ಕೈಯಿಂದ ಕಸಿದುಕೊಂಡೆ.

"ಹೌದ್ರಿ, ನಾನ ಮಾಡೀನಿ. ಎಣ್ಣಿ ಅಷ್ಟ ಇವರು ಹಚ್ಯಾರ."

ಎಣ್ಣೆ ಯಾಕೆ ಎಂದರು ತಮ್ಮಣ್ಣ. ಹೇಳಿದೆ, ಒಂದೂ ಬಿಡದೆ. ಆಮೇಲೆ ದೋಣಿ ನೀರಿಗಿಟ್ಟೆ. ನೆಟ್ಟಗೆ ಹೋಯಿತು.

ಈಗ ಇವರು ಬಾಗಿಲಲ್ಲಿ ನಿಂತು ಕೇಳುತ್ತಿದ್ದಾರೆ, ಅಷ್ಟು ಮಂದಿಯ ಮುಂದೆ ಹೇಳುವುದು ಬೇಕಿತ್ತೇ ಎಂದು. ಬೇಕಿತ್ತು. ಯಾಕೆಂದರೆ "ಎಲ್ಲಾ ಆಕೀನ" ಅಂದದ್ದೂ ಅಷ್ಟೇ ಮಂದಿಯ ಮುಂದೆ.